ಹಡಗಿನ ಹೊಟ್ಟು

ಶಬ್ದವೊಂದು, ಅರ್ಥಗಳು ಹಲವು ಎಂಬುದು ಸಂಸ್ಕೃತವನ್ನು ಓದಿದವರಿಗೆ ಹೊಸತಲ್ಲ. ‘ಹರಿ’ ಎಂದರೆ ವಿಷ್ಣುವೂ ಹೌದು, ಸಿಂಹವೂ ಹೌದು, ಕಪಿಯೂ ಹೌದು. ಆದರೂ ಆಂಗ್ಲಭಾಷೆಯ ಒಂದು ಪುಟ್ಟ ಶಬ್ದವು ಹಿಂದೊಮ್ಮೆ ನಮ್ಮ ಪಾಂಡಿತ್ಯದ ಗರ್ವವನ್ನು ಮುರಿಯಿತು. ‘ಹಲ್’ ಎಂಬುದೇ ಆ ಶಬ್ದ.

ನಾವು ಉಪಾಧ್ಯಾಯರಾಗಿದ್ದ ಕಾಲ. ಬಂಡೆಗೆ ತಾಗಿ ಹಡಗಿನ ‘ಹಲ್’ ಒಡೆಯಿತೆಂಬ ವಾಕ್ಯವನ್ನು ಕನ್ನಡಿಸೆಂದು ರೈತರ ಮನೆಯ ಹುಡುಗನೊಬ್ಬನಿಗೆ ಹೇಳಿದೆವು. “ಹಡಗಿನ ಹೊಟ್ಟು ಒಡೆಯಿತು” ಎಂದನು. ತರಗತಿಯೆಲ್ಲ ನಕ್ಕಿತು, ನಾವೂ ನಕ್ಕೆವು. ಹುಡುಗನು ಮೆಲ್ಲನೆ, “ನಮ್ಮೂರ ಗಿರಣೀಲಿ ಬತ್ತದ ಹೊಟ್ಟು ತೆಗೆಯೋ ಯಂತ್ರಕ್ಕೆ ಹಲ್ಲರ್ ಅಂತಾರೆ, ಮೇಷ್ಟ್ರೇ” ಎಂದನು. ಅದನ್ನು ಎದುರುತ್ತರವೆಂದು ಬಗೆದು, ಗಂಟೆ ಹೊಡೆಯುವವರೆಗೂ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆವು.

ಆ ಸಂಜೆ ನಿಘಂಟನ್ನು ತೆರೆದಾಗ ನಮಗೆ ನಾಚಿಕೆಯಾಯಿತು. ‘ಹಲ್’ ಎಂದರೆ ಮೊದಲಿಗೆ ಬೀಜದ ಹೊಟ್ಟು, ಕಾಯಿಯ ಸಿಪ್ಪೆ. ಮುಚ್ಚುವುದು, ಮರೆಮಾಡುವುದು ಎಂಬರ್ಥದ ಹಳೆಯ ಆಂಗ್ಲ ಧಾತುವಿನಿಂದ ಅದು ಹುಟ್ಟಿತು. ಹಡಗಿನ ಒಡಲೆಂಬ ಅರ್ಥವು 16ನೆಯ ಶತಮಾನದಲ್ಲಿ ಕಾಣಿಸಿಕೊಳ್ಳುತ್ತದೆ. ಸಿಪ್ಪೆಯ ಆಕಾರದ ಹೋಲಿಕೆಯಿಂದಲೇ ಈ ಅರ್ಥವು ಬಂದಿತೆಂದು ಕೆಲವು ವಿದ್ವಾಂಸರ ಮತ. ಮತ್ತೆ ಕೆಲವರು ಟೊಳ್ಳನ್ನು ಸೂಚಿಸುವ ಬೇರೊಂದು ಮಾತಿನತ್ತ ಬೆರಳು ತೋರುವರು.

ಹೋಲಿಕೆಯೇನೋ ಕಣ್ಣಿಗೆ ಕಾಣುವಂಥದು. ಧನುರ್ಮಾಸದಲ್ಲಿ ಅವರೆಕಾಯಿ ಸುಲಿಯುವಾಗ ಒಂದು ಹೋಳು ಸಿಪ್ಪೆಯನ್ನು ನೀರಿನ ಬೋಗುಣಿಯಲ್ಲಿ ಬಿಟ್ಟು ನೋಡಿರಿ. ಎರಡು ಕಡೆಯೂ ಚೂಪಾದ ಪುಟ್ಟ ದೋಣಿಯೇ ತೇಲುವುದು. ಈ ಸಾದೃಶ್ಯವನ್ನು ಕಂಡವರು ಆಂಗ್ಲರು ಮಾತ್ರವಲ್ಲ. ಫ್ರೆಂಚರ ‘ಕಾಕ್’ ಎಂಬ ಮಾತಿಗೆ ಕಾಯಿಯ ಚಿಪ್ಪು, ಹಡಗಿನ ಒಡಲು ಎಂಬೆರಡು ಅರ್ಥಗಳೂ ಉಂಟು. ಲ್ಯಾಟಿನ್ನಿನ ‘ಕೆರೀನಾ’ ಎಂಬುದು ಹಡಗಿನ ಅಡಿಮರವೂ ಹೌದು, ಕಾಯಿಯ ಅರ್ಧಚಿಪ್ಪೂ ಹೌದು. ಗ್ರೀಕರು ಹುರುಳಿಕಾಯಿಯ ಜಾತಿಯ ಒಂದು ಕಾಯಿಯ ಹೆಸರನ್ನೇ ಒಂದು ಬಗೆಯ ಹಗುರವಾದ ದೋಣಿಗಿಟ್ಟರು. ಸಾಲವನ್ನು ತೀರಿಸಿದಂತೆ, ಸಸ್ಯಶಾಸ್ತ್ರಜ್ಞರು ಅವರೆಯ ಹೂವಿನ ಕೆಳಗಣ ಎರಡು ಎಸಳುಗಳ ಜೋಡಿಯನ್ನು ಹಡಗಿನ ಅಡಿಮರದ ಹೆಸರಿನಿಂದ ಕರೆಯುತ್ತಾರೆ.

ನಮ್ಮಲ್ಲಿಯೂ ಇಂಥದುಂಟು. ಸಂಸ್ಕೃತದ ‘ದ್ರೋಣೀ’ ಶಬ್ದವು ಮರದ ತೊಟ್ಟಿಗೂ ನಾವೆಗೂ ಸಲ್ಲುತ್ತದೆ. ಕನ್ನಡದ ದೋಣಿಯು ಹೊಳೆಯನ್ನು ದಾಟಿಸುವುದೂ ಹೌದು, ದನಕರುಗಳಿಗೆ ನೀರು ತುಂಬಿಡುವ ಕಲ್ಲಿನ ತೊಟ್ಟಿಯೂ ಹೌದು. ನೀರನ್ನು ಒಳಗಿಡುವುದೂ ನೀರನ್ನು ಹೊರಗಿಡುವುದೂ ಒಂದೇ ಆಕಾರದ ಕೆಲಸವಲ್ಲವೇ!

ಹೊಟ್ಟೆಂದರೆ ನಮಗೆ ತಾತ್ಸಾರ. ನೂರು ಸೇರು ತೂಕದ ಬತ್ತದಲ್ಲಿ ಸುಮಾರು 20 ಸೇರು ಹೊಟ್ಟೇ ಹೋಗುವುದೆಂದು ಮರುಗುತ್ತೇವೆ. ಆದರೆ ಅಕ್ಕಿಯನ್ನು ಬಿತ್ತಿದರೆ ಪೈರು ಬಾರದೆಂಬುದನ್ನು ಯಾವ ರೈತನೂ ಬಲ್ಲನು. ಕಾಳನ್ನು ಮಳೆಯಿಂದಲೂ ಹುಳುವಿನಿಂದಲೂ ಕಾಯುವುದು ಆ ಹೊಟ್ಟೇ. ಒಡಲು ಬಿರಿದ ಹಡಗಿಗೂ ಹೊಟ್ಟು ಕಳೆದ ಬೀಜಕ್ಕೂ ಗತಿಯೊಂದೇ.

ಮುಚ್ಚಿ ಕಾಯುವುದೆಂಬ ಆ ಪ್ರಾಚೀನ ಮೂಲದಿಂದಲೇ ನಮ್ಮ ‘ಶಾಲಾ’ ಶಬ್ದವೂ ಬಂದಿತೆಂದು ಹಲವು ಭಾಷಾಶಾಸ್ತ್ರಜ್ಞರು ಎಣಿಸುತ್ತಾರೆ. ಇದನ್ನು ಓದಿದಂದು ನಮ್ಮ ಮನಸ್ಸು ಕಲಕಿತು. ಎಳೆಯ ಬೀಜಗಳಿಗೆ ಹೊಟ್ಟಿನಂತಿರಬೇಕಾದ ಶಾಲೆಯಲ್ಲಿಯೇ ನಾವು ಒಂದು ಬೀಜದ ಸಿಪ್ಪೆಯನ್ನು ಸುಲಿದಿದ್ದೆವು. ಮರುದಿನ ತರಗತಿಯ ಮುಂದೆ ತಪ್ಪೊಪ್ಪಿಕೊಳ್ಳುವ ಧೈರ್ಯವೂ ನಮಗಾಗಲಿಲ್ಲ. ಆ ಹುಡುಗನು ಆಮೇಲೆ ಎಷ್ಟೋ ದಿನ ಪ್ರಶ್ನೆಗೆ ಕೈಯೆತ್ತಲಿಲ್ಲವೆಂಬುದು ನೆನಪಿದೆ.

ಗೃಹಸ್ಥರಾದ ವಾಚಕರೇ, ಮನೆಯ ಮಕ್ಕಳು ವಿಚಿತ್ರವಾದ ಅರ್ಥವೊಂದನ್ನು ಹೇಳಿದಾಗ ನಗುವ ಮೊದಲು ನಿಘಂಟನ್ನೊಮ್ಮೆ ತೆರೆಯಿರಿ. ನಾವು ತೆರೆದುದು ಒಂದು ಸಂಜೆಯಷ್ಟು ತಡವಾಗಿ.