ಕ್ರಿಸ್‌ಮಸ್ ಬ್ಯಾಲೆ ಮತ್ತು ಬೆಳೆಯುವ ಪಾದ

ಪುಣೆಯ ರೇಲ್ವೆ ನಿಲ್ದಾಣದ ಕಡೆಯಿಂದ ಬಂಡ್ ಗಾರ್ಡನ್ ಮಾರ್ಗವಾಗಿ ಮುಳಾ-ಮುಠಾ ನದಿಯನ್ನು ದಾಟಿದರೆ ಯೆರವಡಾ. ಈ ಹೆಸರು ಕಿವಿಗೆ ಬಿದ್ದೊಡನೆ ಹಿರಿಯರಿಗೆ ನೆನಪಾಗುವುದು ಅಲ್ಲಿಯ ಸೆರೆಮನೆ ಮತ್ತು 1932ರ ಪುಣೆ ಒಪ್ಪಂದ. ತುಸು ಮುಂದೆ ಸಾಗಿದರೆ ಆಗಾ ಖಾನ್ ಅರಮನೆ, ಗಾಂಧೀಜಿಯವರ ಬಂಧನ, 1944ರ ಫೆಬ್ರವರಿ 22ರಂದು ಅಲ್ಲಿಯೇ ಕಣ್ಮುಚ್ಚಿದ ಕಸ್ತೂರಬಾ. ಆ ಅರಮನೆ ನಿರ್ಮಾಣವಾದದ್ದು 1892ರಲ್ಲಿ. ಅದೇ ವರ್ಷದ ಡಿಸೆಂಬರ್ 18ರಂದು ರಷ್ಯದ ಅಂದಿನ ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗಿನ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ ‘ನಟ್‌ಕ್ರ್ಯಾಕರ್’ ಎಂಬ ಬ್ಯಾಲೆಯ ಪ್ರಥಮ ಪ್ರಯೋಗ ಜರುಗಿತು. ಎರಡಕ್ಕೂ ಯಾವ ಸಂಬಂಧವೂ ಇಲ್ಲ. ಇಸವಿಯನ್ನು ನೆನಪಿಡಲು ಮಾತ್ರ ಈ ಹೊಂದಿಕೆ ಅನುಕೂಲವಾಗಿದೆ. ಆದರೆ ಆ ಬ್ಯಾಲೆಯು ಇಂದು ಪಾಶ್ಚಾತ್ಯ ನಗರಗಳಲ್ಲಿ ಕ್ರಿಸ್‌ಮಸ್ ಹಬ್ಬದ ಭಾಗವೇ ಆಗಿಹೋಗಿದೆ. ಅದನ್ನು ತೆರೆಯ ಮೇಲೆ ಕಂಡ ಯೆರವಡಾದ ಬಾಲಿಕೆಯೂ ತಾನು ಬೆರಳ ತುದಿಯ ಮೇಲೆ ನಿಲ್ಲಬೇಕೆಂದು ಹಟ ಹಿಡಿಯುವ ಕಾಲವಿದು.

‘ನಟ್‌ಕ್ರ್ಯಾಕರ್’ ಎಂದರೆ ನಮ್ಮ ಎಲೆಯಡಿಕೆಯ ತಟ್ಟೆಯಲ್ಲಿರುವ ಅಡಕತ್ತರಿಯಲ್ಲ. ಅದು ಸಿಪಾಯಿಯ ವೇಷದ ಒಂದು ಮರದ ಬೊಂಬೆ. ಅದರ ದವಡೆಯ ನಡುವೆ ಅಕ್ರೋಟಿನಂಥ ಗಟ್ಟಿ ಕಾಯಿಯನ್ನಿಟ್ಟು ಬೆನ್ನಿನ ಹಿಡಿಯನ್ನು ಒತ್ತಿದರೆ ಕಾಯಿ ಒಡೆಯುತ್ತದೆ. ಜರ್ಮನಿಯ ಹಾಫ್‌ಮನ್ 1816ರಲ್ಲಿ ಬರೆದ ಕಥೆಯನ್ನು ಫ್ರಾನ್ಸಿನ ಡ್ಯೂಮಾ ತನ್ನ ರೀತಿಯಲ್ಲಿ ಹೇಳಿದ. ಅದೇ ಬ್ಯಾಲೆಗೆ ಆಧಾರವಾಯಿತು. ಕ್ರಿಸ್‌ಮಸ್ ಹಿಂದಿನ ರಾತ್ರಿ ಕ್ಲಾರಾ ಎಂಬ ಬಾಲಿಕೆಗೆ ಆ ಬೊಂಬೆ ಉಡುಗೊರೆಯಾಗಿ ಬರುತ್ತದೆ. ಅವಳ ತಮ್ಮ ಅದನ್ನು ಮುರಿಯುತ್ತಾನೆ. ಎಲ್ಲರೂ ಮಲಗಿದ ಮೇಲೆ ಬೊಂಬೆಗೆ ಜೀವ ಬಂದು ಇಲಿಗಳ ಸೈನ್ಯದೊಡನೆ ಕಾದಾಟ ನಡೆಯುತ್ತದೆ. ಕ್ಲಾರಾ ತನ್ನ ಕಾಲಿನ ಪಾದರಕ್ಷೆಯನ್ನೇ ಇಲಿಗಳ ರಾಜನತ್ತ ಎಸೆದು ಬೊಂಬೆಯನ್ನು ಉಳಿಸುತ್ತಾಳೆ. ಅನಂತರ ಹಿಮದ ನಾಡು, ಮಿಠಾಯಿಗಳ ರಾಜ್ಯ. ಅಲ್ಲಿ ಚಾಕೊಲೇಟು, ಕಾಫಿ, ಚಹಾ ಒಂದೊಂದೂ ನರ್ತಿಸುತ್ತವೆ. ಕಾಫಿಗೆ ಅರಬ್ಬೀ ವೇಷ ತೊಡಿಸಿರುವುದು ಬಾಬಾಬುಡನ್‌ಗಿರಿಯ ಐತಿಹ್ಯವನ್ನು ಬಲ್ಲ ಕನ್ನಡಿಗರಿಗೆ ಒಪ್ಪುವಂತೆಯೇ ಇದೆ.

ಚೈಕೋವ್‌ಸ್ಕಿಯ ಸಂಗೀತದ ಬಗ್ಗೆ ಒಂದೇ ಮಾತು. ಪ್ಯಾರಿಸಿನಲ್ಲಿ ಆಗ ಹೊಸದಾಗಿದ್ದ ‘ಸೆಲೆಸ್ಟಾ’ ಎಂಬ ವಾದ್ಯದ ಗಂಟೆಯಂಥ ನಾದಕ್ಕೆ ಮನಸೋತ ಆತ, ಇತರ ರಷ್ಯನ್ ಸಂಗೀತಗಾರರಿಗೆ ಸುಳಿವು ಹತ್ತದಂತೆ ಅದನ್ನು ತರಿಸಿಕೊಂಡ. ಮಿಠಾಯಿ ರಾಜ್ಯದ ಅಪ್ಸರೆಯ ನೃತ್ಯದಲ್ಲಿ ಕೇಳಿಬರುವುದು ಅದೇ ನಾದ.

ಈ ಬ್ಯಾಲೆಯ ನಿಜವಾದ ವೈಶಿಷ್ಟ್ಯವಿರುವುದು ಮಕ್ಕಳಲ್ಲಿ. ನೃತ್ಯ ಸಂಯೋಜನೆಯ ರೂಪರೇಷೆಯನ್ನು ಮಾರಿಯಸ್ ಪೆಟಿಪಾ ಹಾಕಿಕೊಟ್ಟು ಕಾಯಿಲೆ ಬಿದ್ದುದರಿಂದ ಸಹಾಯಕನಾದ ಲೆವ್ ಇವಾನೋವ್ ಅದನ್ನು ಪೂರೈಸಿದ. ಪ್ರಥಮ ಪ್ರಯೋಗದಲ್ಲಿ ಕ್ಲಾರಾಳಾಗಿ ಸ್ಟಾನಿಸ್ಲಾವಾ ಬೆಲಿನ್‌ಸ್ಕಾಯಾ, ರಾಜಕುಮಾರನಾಗಿ ಸೆರ್ಗೇಯ್ ಲೆಗಾಟ್ ಕುಣಿದರು. ಇಬ್ಬರೂ ಚಕ್ರವರ್ತಿಯ ನೃತ್ಯಶಾಲೆಯ ವಿದ್ಯಾರ್ಥಿಗಳು. ರಂಗದ ಮೇಲೆ ಇಷ್ಟೊಂದು ಮಕ್ಕಳೇತಕ್ಕೆ, ಮುಖ್ಯ ನರ್ತಕಿ ಕೊನೆಯಲ್ಲಷ್ಟೇ ಬರುವುದೇಕೆ ಎಂದು ಅಂದಿನ ವಿಮರ್ಶಕರು ಮೂಗು ಮುರಿದರು. ಅವರು ದೋಷವೆಂದು ಬಗೆದದ್ದೇ ಕೃತಿಯನ್ನು ಉಳಿಸಿತು. 1944ರ ಕ್ರಿಸ್‌ಮಸ್ ಮುನ್ನಾದಿನ ಅಮೇರಿಕದ ಸಾನ್ ಫ್ರಾನ್ಸಿಸ್ಕೋದಲ್ಲಿಯೂ, 1954ರಲ್ಲಿ ನ್ಯೂಯಾರ್ಕಿನಲ್ಲಿಯೂ ಅದು ಪುನಃ ರಂಗವೇರಿತು. ನ್ಯೂಯಾರ್ಕಿನ ಪ್ರಯೋಗವನ್ನು ಸಂಯೋಜಿಸಿದ ಜಾರ್ಜ್ ಬಾಲಂಚಿನ್ ಸ್ವತಃ ಪೀಟರ್ಸ್‌ಬರ್ಗಿನ ಅದೇ ಶಾಲೆಯಲ್ಲಿ ಕಲಿತು, ಬಾಲಕನಾಗಿದ್ದಾಗ ಈ ಬ್ಯಾಲೆಯಲ್ಲಿಯೇ ಪಾತ್ರ ವಹಿಸಿದ್ದವನು.

ಕನ್ನಡ ನಾಡಿಗೂ ಈ ಕಥೆಗೂ ಒಂದು ತೆಳುವಾದ ಎಳೆಯಿದೆ. 1934ರಲ್ಲಿ ಲಂಡನ್ನಿನಲ್ಲಿ ಈ ಬ್ಯಾಲೆಯ ಅಪ್ಸರೆಯಾಗಿ ಕುಣಿದವಳು ಅಲಿಸಿಯಾ ಮಾರ್ಕೋವಾ. ಅದೇ ಮಾರ್ಕೋವಾ 1960ರ ಎಡಿನ್‌ಬರೋ ಉತ್ಸವದಲ್ಲಿ ‘ರಾಧಾ-ಕೃಷ್ಣ’ ನೃತ್ಯದಲ್ಲಿ ರಾಧೆಯಾದಳು. ಕೃಷ್ಣನಾದವರು ಬೆಂಗಳೂರಿನಲ್ಲಿ ಹುಟ್ಟಿದ ರಾಮಗೋಪಾಲ್. ಭರತನಾಟ್ಯ, ಕಥಕ್ಕಳಿಗಳಲ್ಲಿ ಪಳಗಿದ ಆ ದೇಹವೂ ಬ್ಯಾಲೆಯಲ್ಲಿ ಪಳಗಿದ ಈ ದೇಹವೂ ಒಂದೇ ರಂಗದ ಮೇಲೆ ನಿಂತಾಗ, ಎರಡರ ಹಿಂದೆಯೂ ಬಾಲ್ಯ ಯೌವನಗಳ ಎಷ್ಟೋ ವರ್ಷಗಳ ಸಾಧನೆ ಇತ್ತೆಂಬುದನ್ನು ಮರೆಯುವಂತಿಲ್ಲ.

ಯೆರವಡಾ, ಕಲ್ಯಾಣಿನಗರ, ವಿಮಾನನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹೆಣ್ಣುಮಗುವನ್ನು ಭರತನಾಟ್ಯಕ್ಕೆ ಕಳಿಸುವುದು ಹಳೆಯ ರೂಢಿ. ಬ್ಯಾಲೆಗೆ ಕಳಿಸುವುದು ಹೊಸತು. ಎರಡಕ್ಕೂ ಕಳಿಸುವವರೂ ಇಲ್ಲದಿಲ್ಲ. ಕಲೆ ಯಾವ ದೇಶದ್ದಾದರೇನು, ಮಗು ಮನಸ್ಸಿಟ್ಟು ಕಲಿಯುವುದಾದರೆ ಆಕ್ಷೇಪಕ್ಕೆ ಅವಕಾಶವಿಲ್ಲ. ಆದರೆ ಡಿಸೆಂಬರಿನ ಪ್ರದರ್ಶನ ಹತ್ತಿರವಾದಂತೆ ಮನೆಯಲ್ಲಿ ಒಂದು ಬೇಡಿಕೆ ಏಳುತ್ತದೆ: ಗುಲಾಬಿ ಬಣ್ಣದ, ಮೂತಿ ಗಟ್ಟಿಯಾದ ‘ಪಾಯಿಂಟ್ ಶೂ’ ಬೇಕು. ಒಂಬತ್ತು ವರ್ಷದ ಮಗಳ ಈ ಆಸೆಗೆ ತಾಯಿತಂದೆಗಳು ಸಂತೋಷದಿಂದ ಸಮ್ಮತಿಸುತ್ತಾರೆ. ತಡೆದು ನಿಲ್ಲಬೇಕಾದ ಸ್ಥಳ ಇದೇ.

ಆ ಬೂಟಿನ ಮೂತಿಯು ಬಟ್ಟೆ, ಕಾಗದ ಮತ್ತು ಅಂಟಿನ ಪದರುಗಳಿಂದ ಮಾಡಿದ ಗಟ್ಟಿ ಗೂಡು. ಅದನ್ನು ತೊಟ್ಟು ನಿಂತಾಗ ಇಡೀ ದೇಹದ ಭಾರವು ನಾಣ್ಯಗಾತ್ರದ ಜಾಗದ ಮೇಲೆ ಬೀಳುತ್ತದೆ. ಮನುಷ್ಯನ ಒಂದು ಪಾದದಲ್ಲಿ 26 ಎಲುಬುಗಳಿವೆ. ಒಂಬತ್ತು ಹತ್ತು ವರ್ಷದ ಮಗುವಿನಲ್ಲಿ ಇವು ಪೂರ್ತಿ ಬಲಿತಿರುವುದಿಲ್ಲ. ಉದ್ದ ಎಲುಬುಗಳ ತುದಿಯ ಬಳಿ ಮೃದ್ವಸ್ಥಿಯ ಪಟ್ಟಿಯೊಂದಿದ್ದು, ಎಲುಬು ಉದ್ದವಾಗುವುದು ಅಲ್ಲಿಂದಲೇ. ಆ ಪಟ್ಟಿ ಮುಚ್ಚಿಕೊಳ್ಳುವುದು ಹದಿಹರೆಯದಲ್ಲಿ. ಹುಡುಗಿಯರಲ್ಲಿ ತುಸು ಬೇಗ, ಹುಡುಗರಲ್ಲಿ ತಡವಾಗಿ. ಎಲುಬಿಗಿಂತಲೂ ಮುಖ್ಯವಾದದ್ದು ಸ್ನಾಯುಗಳ ಹಿಡಿತ. ಬೂಟು ಕಾಲನ್ನು ಎತ್ತಿ ನಿಲ್ಲಿಸುತ್ತದೆ ಎಂಬುದು ಭ್ರಮೆ. ಎತ್ತಿ ನಿಲ್ಲಿಸುವುದು ಹೊಟ್ಟೆ, ಸೊಂಟ, ತೊಡೆ, ಮೀನಖಂಡಗಳ ಶಕ್ತಿ. ಆ ಶಕ್ತಿ ಇಲ್ಲದ ಮಗು ಹಿಮ್ಮಡಿಯ ಕೀಲಿನ ಮೇಲೆ ಕುಸಿದು ನಿಲ್ಲುತ್ತದೆ. ದೂರದಿಂದ ನೋಡುವವರಿಗೆ ಅದು ಗೊತ್ತಾಗುವುದಿಲ್ಲ.

ನರ್ತಕರ ಆರೋಗ್ಯವನ್ನೇ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ವೈದ್ಯಕೀಯ ಸಂಘವು 2009ರಲ್ಲಿ ಪ್ರಕಟಿಸಿದ ಸೂಚನೆಗಳು ಸ್ಪಷ್ಟವಾಗಿವೆ. ಹನ್ನೆರಡು ವರ್ಷಕ್ಕಿಂತ ಮೊದಲು ತುದಿಬೆರಳ ನೃತ್ಯ ಕೂಡದು. ವಾರಕ್ಕೆ ಒಂದೇ ದಿನ ತರಗತಿಗೆ ಹೋಗುವವರಿಗೆ ಅದು ಬೇಡವೇ ಬೇಡ. ವಾರಕ್ಕೆರಡು ದಿನ ಹೋಗುತ್ತಿದ್ದು ವೃತ್ತಿಯ ಉದ್ದೇಶವಿಲ್ಲದವರು ನಾಲ್ಕನೆಯ ವರ್ಷಕ್ಕಿಂತ ಮುಂಚೆ ಆರಂಭಿಸಬಾರದು. ಕೀಲುಗಳು ಅತಿಯಾಗಿ ಬಳುಕುವ ಮಕ್ಕಳಲ್ಲಿ, ನಡು ದುರ್ಬಲವಾದವರಲ್ಲಿ ಇನ್ನೂ ತಡಮಾಡುವುದೇ ಲೇಸು. ವಯಸ್ಸೊಂದೇ ಅಳತೆಗೋಲಲ್ಲ, ಒಂಟಿಗಾಲಿನ ಮೇಲೆ ಅಲುಗದೆ ನಿಲ್ಲಬಲ್ಲಳೇ, ಒಂಟಿಗಾಲಿನಲ್ಲಿಯೇ ಹಿಮ್ಮಡಿಯನ್ನು ಮತ್ತೆ ಮತ್ತೆ ಎತ್ತಿ ಇಳಿಸಬಲ್ಲಳೇ, ಪಾದವನ್ನು ಚಾಚಿದಾಗ ಅದು ಮೊಣಕಾಲ ಕೆಳಗಿನ ಎಲುಬಿನೊಡನೆ ಒಂದೇ ರೇಖೆಗೆ ಬರುತ್ತದೆಯೇ ಎಂಬುದನ್ನು ಗುರು ಮೊದಲು ಪರೀಕ್ಷಿಸಬೇಕು. ಹಾಗೆ ಪರೀಕ್ಷಿಸದೆ ಬೂಟು ಕೊಳ್ಳಿರೆಂದು ಹೇಳುವ ಶಿಕ್ಷಕರ ಬಳಿ ಮಗುವನ್ನು ಕಳಿಸದಿರುವುದೇ ಉಚಿತ.

ಇಲ್ಲಿ ‘ನಟ್‌ಕ್ರ್ಯಾಕರ್’ ಸಹಾಯಕ್ಕೆ ಬರುತ್ತದೆ. ಆ ಬ್ಯಾಲೆಯಲ್ಲಿ ಹಬ್ಬದ ಮನೆಗೆ ಬಂದ ಮಕ್ಕಳು, ತವರದ ಸಿಪಾಯಿಗಳು, ದೊಡ್ಡ ಲಂಗದ ಅಮ್ಮನ ಮಡಿಲಿಂದ ಹೊರಗೋಡಿ ಬರುವ ಪುಟಾಣಿಗಳು, ಬಾಲಂಚಿನನ ಪ್ರಯೋಗದಲ್ಲಿಯಾದರೆ ಕಥಾನಾಯಕಿಯೂ ಸಹ, ಮೆತ್ತನೆಯ ಪಾದರಕ್ಷೆಯಲ್ಲಿಯೇ ಕುಣಿಯುತ್ತಾರೆ. ತುದಿಬೆರಳ ನೃತ್ಯವು ಅಪ್ಸರೆಯದು, ಹಿಮದ ಹರಳುಗಳದು, ಹೂವುಗಳದು. ಆ ಪಾತ್ರಗಳು ಬೆಳೆದ ನರ್ತಕಿಯರಿಗೇ ಮೀಸಲು. ಮಕ್ಕಳಿಗೆ ಅವರ ವಯಸ್ಸಿಗೆ ತಕ್ಕ ಕೆಲಸವನ್ನು ಕೊಟ್ಟ ಕೃತಿಯಿದು. ಅಪ್ಸರೆಯ ಪಾತ್ರವನ್ನು ಹತ್ತು ವರ್ಷದವಳಿಗೆ ಕೊಟ್ಟು ಫೋಟೋ ತೆಗೆಸುವ ಉತ್ಸಾಹ ಆಮೇಲಿನ ಕಾಲದ್ದು.

ನೆಲದ ವಿಷಯವನ್ನೂ ಹೇಳಬೇಕು. ಪುಣೆಯ ಹಳೆಯ ಮನೆಗಳಲ್ಲಿ ಹಾಸಿರುವುದು ನಮ್ಮ ಕಲಬುರ್ಗಿ ಜಿಲ್ಲೆಯಿಂದ ಬಂದ ಶಹಾಬಾದಿನ ಕಲ್ಲು. ಹೊಸ ಫ್ಲ್ಯಾಟುಗಳಲ್ಲಿ ಕಾಂಕ್ರೀಟಿನ ಮೇಲೆ ಟೈಲ್ಸ್. ಬೇಸಿಗೆಯಲ್ಲಿ ತಂಪು ಕೊಡುವ ಈ ನೆಲಗಳು ನರ್ತಕಿಯ ಕಾಲಿಗೆ ಮಿತ್ರರಲ್ಲ. ಜಿಗಿದು ಇಳಿದಾಗ ಪೆಟ್ಟನ್ನು ಹೀರಿಕೊಳ್ಳುವ, ಕೆಳಗೆ ಟೊಳ್ಳಿರುವ ಮರದ ಹಲಗೆಯ ನೆಲ ಬೇಕು. ಭರತನಾಟ್ಯದ ಅಡವುಗಳನ್ನು ಬರಿಗಾಲಿನಲ್ಲಿ ಅದೇ ಕಲ್ಲಿನ ಮೇಲೆ ತಟ್ಟುವ ಮಗುವಿಗೂ ಈ ಮಾತು ಅನ್ವಯಿಸುತ್ತದೆ. ಸಂಜೆ ಅಡವು, ಮರುದಿನ ಬ್ಯಾಲೆಯ ಜಿಗಿತ ಎಂದಾಗ ಭಾರ ಇಮ್ಮಡಿಯಾಗುವುದನ್ನು ಇಬ್ಬರು ಗುರುಗಳೂ ಅರಿತಿರುವುದಿಲ್ಲ, ಅರಿಯಬೇಕಾದವರು ಮನೆಯವರು. ಎರಡೂ ಕಲೆಗಳಲ್ಲಿ ಮಂಡಿ ಹೊರಮುಖವಾಗುತ್ತದೆ. ಆ ತಿರುವು ಸೊಂಟದ ಕೀಲಿನಿಂದ ಬರಬೇಕು. ಪಾದವನ್ನಷ್ಟೇ ಬಲವಂತವಾಗಿ ತಿರುಗಿಸಿದರೆ ಮಂಡಿ ತಿರುಚಿಕೊಳ್ಳುತ್ತದೆ. ಇನ್ನು ಪುಣೆಯ ಡಿಸೆಂಬರಿನ ಚಳಿ ಬೆಂಗಳೂರಿನದಕ್ಕಿಂತ ಕಡುವಾದುದು. ತೆಳ್ಳನೆಯ ಉಡುಪು ತೊಟ್ಟು ಬಯಲು ರಂಗದ ಹಿಂದೆ ಕಾಯುವ ಮಕ್ಕಳಿಗೆ ಸ್ವೆಟರು, ಕಾಲುಚೀಲ ಹಾಕಿ, ರಂಗಕ್ಕೆ ಹೋಗುವ ಮುನ್ನ ಕಾಲು ಗಂಟೆಯಾದರೂ ಮೈ ಬೆಚ್ಚಗಾಗುವಂತೆ ಕೈಕಾಲು ಆಡಿಸಬೇಕು.

ಆಹಾರದ ಪ್ರಶ್ನೆ ಎಲ್ಲಕ್ಕಿಂತ ಗಂಭೀರವಾದದ್ದು. ಬ್ಯಾಲೆಯ ಲೋಕದಲ್ಲಿ ಕೃಶವಾದ ದೇಹಕ್ಕೆ ಇರುವ ಮೋಹ ಅತಿಯಾದದ್ದು. ಹನ್ನೆರಡು ಹದಿಮೂರರ ಬಾಲಿಕೆ ತಾನಾಗಿಯೇ ಅನ್ನ ಬಿಡುತ್ತಾಳೆ. ಮುಟ್ಟು ಬರುವುದು ತಡವಾಗುತ್ತದೆ, ಅಥವಾ ಬಂದದ್ದು ನಿಲ್ಲುತ್ತದೆ. ಕುಣಿಯುವವರಿಗೆ ಇದು ಸಹಜವೆಂದು ಮನೆಯಲ್ಲಿ ಸಮಾಧಾನ ಪಟ್ಟುಕೊಳ್ಳುತ್ತಾರೆ. ಸಹಜವಲ್ಲ. 1986ರಲ್ಲಿ ಅಮೇರಿಕದ ವೈದ್ಯರು 75 ಮಂದಿ ವೃತ್ತಿಪರ ಬ್ಯಾಲೆ ನರ್ತಕಿಯರನ್ನು ಪರೀಕ್ಷಿಸಿದಾಗ ಸುಮಾರು ಕಾಲುಭಾಗದವರಲ್ಲಿ ಬೆನ್ನೆಲುಬು ಓರೆಯಾಗಿತ್ತು. ಅರ್ಧಕ್ಕೂ ಹೆಚ್ಚು ಮಂದಿಗೆ ಎಲುಬು ಮುರಿದ ಅನುಭವವಿತ್ತು. ಇವೆರಡಕ್ಕೂ ತಡವಾದ ಋತುಪ್ರಾಪ್ತಿಗೂ ಸಂಬಂಧ ಕಂಡುಬಂತು. ಸಾಕಷ್ಟು ಆಹಾರವಿಲ್ಲದ ದೇಹದಲ್ಲಿ ಸ್ತ್ರೀ ಹಾರ್ಮೋನು ತಗ್ಗುತ್ತದೆ, ಅದು ತಗ್ಗಿದರೆ ಎಲುಬು ಸುಣ್ಣಾಂಶವನ್ನು ಹಿಡಿದಿಟ್ಟುಕೊಳ್ಳಲಾರದು. ಹದಿನೈದು ತುಂಬಿದರೂ ಋತುಮತಿಯಾಗದಿದ್ದರೆ, ಅಥವಾ ಮೂರು ತಿಂಗಳು ಮುಟ್ಟು ನಿಂತರೆ, ಸಂಕೋಚವನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಹತ್ತರಿಂದ ಹನ್ನೆರಡು ವರ್ಷದ ಮಗುವಿಗೆ ದಿನಕ್ಕೆ 850 ಮಿಲಿಗ್ರಾಂ, ಹದಿಮೂರರಿಂದ ಹದಿನೈದರವರೆಗೆ 1000 ಮಿಲಿಗ್ರಾಂ ಸುಣ್ಣಾಂಶ ಬೇಕು. ಇದಕ್ಕಾಗಿ ಔಷಧದ ಅಂಗಡಿಗೆ ಓಡಬೇಕಾಗಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ ಸುಮಾರು 250 ಮಿಲಿಗ್ರಾಂ ಸುಣ್ಣಾಂಶ ದೊರೆಯುತ್ತದೆ. ಎಳ್ಳು, ಮೊಸರು, ಸೊಪ್ಪು ಇದ್ದೇ ಇವೆ. ಪುಣೆಯ ಕಿರಾಣಿ ಅಂಗಡಿಯಲ್ಲಿ ರಾಗಿಯನ್ನು ‘ನಾಚಣಿ’ ಎಂದು ಕೇಳಬೇಕು. ಮರಾಠಿಯಲ್ಲಿ ‘ನಾಚ’ ಎಂದರೆ ಕುಣಿತವಾದ್ದರಿಂದ ಆ ಹೆಸರು ನಮ್ಮ ಪ್ರಸ್ತುತ ವಿಷಯಕ್ಕೆ ಚೆನ್ನಾಗಿಯೇ ಒದಗಿದೆ. ಬೆಳಗಿನ ಅರ್ಧ ಗಂಟೆ ಬಿಸಿಲಿಗೆ ಬಿಡುವುದೂ ಅವಶ್ಯ. ಮುಚ್ಚಿದ ಫ್ಲ್ಯಾಟು, ಮುಚ್ಚಿದ ತರಗತಿ, ಮುಚ್ಚಿದ ಶಾಲಾ ಬಸ್ಸುಗಳ ನಡುವೆ ಮಗುವಿಗೆ ಬಿಸಿಲೇ ತಗಲುವುದಿಲ್ಲ.

ನೋವು ಬಂದಾಗ ಏನು ಮಾಡಬೇಕು? ಹೊಸ ಅಭ್ಯಾಸದಿಂದಾದ ಸ್ನಾಯುಗಳ ನೋವು ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಪಾದದ ಒಂದೇ ಬಿಂದುವಿನಲ್ಲಿ, ಬೆರಳಿಟ್ಟು ಒತ್ತಿದರೆ ತೋರುವ, ಕುಣಿದಾಗ ಹೆಚ್ಚಿ ಮಲಗಿದಾಗ ತಗ್ಗುವ ನೋವು ಬೇರೆ ಜಾತಿಯದು. ಅದು ಎಲುಬಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟ ಲಕ್ಷಣವಾಗಿರಬಹುದು. ಬ್ಯಾಲೆಯವರಲ್ಲಿ ಇದು ಎರಡನೆಯ ಬೆರಳಿನ ಹಿಂದಿನ ಎಲುಬಿನಲ್ಲಿ ಹೆಚ್ಚು. ಮೊದಲ ಎರಡು ಮೂರು ವಾರ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದಿರಬಹುದು. ಎಕ್ಸ್‌ರೇ ಶುದ್ಧವಾಗಿದೆಯೆಂದು ಮಗುವನ್ನು ಮತ್ತೆ ತಾಲೀಮಿಗೆ ಕಳಿಸುವುದರಿಂದ ಬಿರುಕು ಮುರಿತವಾಗುತ್ತದೆ. ನೋವುನಿವಾರಕ ಗುಳಿಗೆ ನುಂಗಿಸಿ ರಂಗಕ್ಕೆ ಏರಿಸುವುದಂತೂ ಸಲ್ಲದು.

ಪ್ರದರ್ಶನದ ದಿನ ಗೊತ್ತಾಗಿದೆ, ಟಿಕೆಟು ಮಾರಿದೆ, ಊರಿಂದ ಅಜ್ಜ ಅಜ್ಜಿ ಬಂದಿದ್ದಾರೆ, ಈಗ ಹಿಂಜರಿಯುವುದು ಹೇಗೆ ಎಂಬ ಸಂಕಟ ನಿಜವಾದದ್ದೇ. ನ್ಯೂಯಾರ್ಕಿನಲ್ಲಿ ‘ನಟ್‌ಕ್ರ್ಯಾಕರ್’ ಮಕ್ಕಳ ಎಲ್ಲ ಪಾತ್ರಗಳಿಗೂ ಎರಡೆರಡು ತಂಡಗಳನ್ನು ಸಿದ್ಧಪಡಿಸುತ್ತಾರೆ. ಒಂದು ತಂಡ ಕುಣಿಯುವ ಸಂಜೆ ಇನ್ನೊಂದು ತಂಡ ಮನೆಯಲ್ಲಿ ಪಾಠ ಓದುತ್ತದೆ, ಊಟ ಮಾಡಿ ಹೊತ್ತಿಗೆ ಸರಿಯಾಗಿ ಮಲಗುತ್ತದೆ.