ಹಗ್ಗಕ್ಕೆ ಮುನ್ನ ಹೊರೆ

ಮೈಸೂರಿನ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಲ್ಲಿ ಬೆಳಗಿನ ಐದೂವರೆಗೆ ಎರಡು ಬಗೆಯ ಹರಕೆಯವರು ಕಾಣಸಿಗುತ್ತಾರೆ. ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತ ಹತ್ತುವವರು ಒಂದು ಬಗೆ. ಇನ್ನೊಂದು ಬಗೆ ಅಪರೂಪದ್ದು. ಬೆನ್ನಿಗೆ ಅರವತ್ತು ಲೀಟರಿನ ರಕ್‌ಸ್ಯಾಕ್, ಅದರೊಳಗೆ ಎರಡೆರಡು ಲೀಟರಿನ ಏಳು ನೀರಿನ ಬಾಟಲಿ, ಕಾಲಿಗೆ ಹೊಸ ಬೂಟು. "ಏನಪ್ಪಾ ಇದು, ಹರಕೆನಾ?" ಎಂದು ಯಾವುದಾದರೂ ಅಜ್ಜಿ ಕೇಳಿದರೆ ಹುಡುಗ "ಹ್ಞೂಂ ಅಜ್ಜಿ" ಅಂದು ಮುಗಿಸಿಬಿಡುತ್ತಾನೆ. ಉತ್ತರಕಾಶಿ, ಬೇಸಿಕ್ ಕೋರ್ಸ್, ಹಿಮನದಿ ಎಂದೆಲ್ಲ ಬಿಡಿಸಿ ಹೇಳಲು ಉಸಿರಾದರೂ ಇರಬೇಕಲ್ಲ. ಸಾವಿರ ಮೆಟ್ಟಿಲು ಮುಗಿದ ಮೇಲೆ ಅವನು ನೀರನ್ನೆಲ್ಲ ಗಿಡಗಳ ಬುಡಕ್ಕೆ ಸುರಿದು ಖಾಲಿ ಚೀಲದೊಂದಿಗೆ ಇಳಿಯುತ್ತಾನೆ. ಹತ್ತುವಾಗಿನ ಭಾರ ತೊಡೆಯನ್ನು ಗಟ್ಟಿ ಮಾಡುತ್ತದೆ, ಇಳಿಯುವಾಗಿನ ಭಾರ ಮಂಡಿಯನ್ನು ತಿನ್ನುತ್ತದೆ. ಕಲ್ಲು ಇಟ್ಟಿಗೆ ಬಿಟ್ಟು ನೀರನ್ನೇ ಹೊರುವುದರ ಗುಟ್ಟು ಅಷ್ಟೇ.

ಪರ್ವತಾರೋಹಣದ ಬೇಸಿಕ್ ಕೋರ್ಸ್ ಅಂದಾಕ್ಷಣ ಕಣ್ಣಿಗೆ ಬರುವ ಚಿತ್ರ ಹಗ್ಗದ್ದು, ಹಿಮಗೊಡಲಿಯದು. ಅವೆರಡನ್ನೂ ಹಿಡಿಯಲು ಅಲ್ಲೇ ಕಲಿಸುತ್ತಾರೆ, ಅಲ್ಲೇ ಕೊಡುತ್ತಾರೆ ಕೂಡ. ಮನೆಯಿಂದ ಒಯ್ಯಬೇಕಾದದ್ದು ಹೊರೆಗೆ ಪಳಗಿದ ಬೆನ್ನು ಮತ್ತು ಬೂಟಿಗೆ ಪಳಗಿದ ಪಾದ.

ಭಾರತದಲ್ಲಿ ಈ ಕಲಿಕೆಗೆ ಶಾಲೆಗಳು ಹುಟ್ಟಿದ್ದು ಒಂದು ಸಂಭ್ರಮದ ಬೆನ್ನಿಗೆ. 1953ರ ಮೇ 29ರಂದು ತೇನ್‌ಸಿಂಗ್ ನೋರ್ಗೆ ಮತ್ತು ಎಡ್ಮಂಡ್ ಹಿಲರಿ ಎವರೆಸ್ಟ್ ತುದಿ ಮುಟ್ಟಿದರು. ಮರುವರ್ಷ, 1954ರ ನವೆಂಬರ್ 4ರಂದು, ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಮೌಂಟೆನಿಯರಿಂಗ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಮೇಜರ್ ನರೇಂದ್ರ ಧರ್ ಜಯಾಲ್ ಮೊದಲ ಪ್ರಾಂಶುಪಾಲರು, ತೇನ್‌ಸಿಂಗ್ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕರು. ಊರಂಚಿನಲ್ಲಿ ಇವತ್ತಿಗೂ ವಿದ್ಯಾರ್ಥಿಗಳು ಹತ್ತಿ ಇಳಿಯುವ ಬಂಡೆಗೆ ತೇನ್‌ಸಿಂಗ್ ರಾಕ್ ಎಂದೇ ಹೆಸರು. ಆಮೇಲೆ ಮನಾಲಿಯಲ್ಲಿ ಒಂದು ಸಂಸ್ಥೆ, ಕಾಶ್ಮೀರದ ಪಹಲ್‌ಗಾಮ್‌ನಲ್ಲಿ ಇನ್ನೊಂದು, ಅರುಣಾಚಲದ ದಿರಾಂಗ್‌ನಲ್ಲಿ ಮತ್ತೊಂದು ಬಂದವು. ದಕ್ಷಿಣದವರ ಬಾಯಲ್ಲಿ ಹೆಚ್ಚು ಕೇಳಿಬರುವ ಹೆಸರು ಮಾತ್ರ ಉತ್ತರಕಾಶಿಯ ನೆಹರು ಮೌಂಟೆನಿಯರಿಂಗ್ ಇನ್‌ಸ್ಟಿಟ್ಯೂಟ್, ಅವರ ಮಾತಿನಲ್ಲಿ 'ನಿಮ್'. ಅದು ಆರಂಭವಾದದ್ದು 1965ರಲ್ಲಿ. ಎವರೆಸ್ಟ್ ಏರಿದ ಮೊದಲ ಭಾರತೀಯ ಮಹಿಳೆ ಬಚೇಂದ್ರಿ ಪಾಲ್ ಬೇಸಿಕ್ ಕೋರ್ಸ್ ಮಾಡಿದ್ದು ಇಲ್ಲೇ. ಅವರ ಹುಟ್ಟೂರು ನಾಕುರಿಯೂ ಅದೇ ಜಿಲ್ಲೆಯ ಹಳ್ಳಿ. ಗಢವಾಲದ ಅಂಥ ಹಳ್ಳಿಗಳಲ್ಲಿ ಹುಲ್ಲಿನ ಹೊರೆ, ಸೌದೆ ಹೊರೆ ಹೊತ್ತು ಗುಡ್ಡ ಏರುವುದು ಹೆಂಗಸರ ದಿನದ ಕೆಲಸ. ನಮ್ಮ ಮಲೆನಾಡಿನಲ್ಲಿ ಸೊಪ್ಪಿನ ಬೆಟ್ಟದಿಂದ ಹೊರೆ ಇಳಿಸುತ್ತಿದ್ದವರ ಹಾಗೆ. ಅವರಿಗೆ ಬೇರೆ ತಯಾರಿ ಹೇಳಿಕೊಡಬೇಕಿಲ್ಲ. ಹೇಳಬೇಕಿರುವುದು ಲಿಫ್ಟಿನಲ್ಲಿ ಮೂರನೆಯ ಮಹಡಿಗೆ ಹೋಗುವ ನಮಗೆ.

ಉತ್ತರಕಾಶಿಯಲ್ಲೂ ಡಾರ್ಜಿಲಿಂಗ್‌ನಲ್ಲೂ ಕೋರ್ಸು 28 ದಿನದ್ದು. ಟ್ರೆಕ್ಕಿಂಗ್ ಕಂಪನಿಗಳ ಜೊತೆ ಹಿಮಾಲಯ ನೋಡಿ ಬಂದವರು ಮೊದಲು ಎಡವುವುದು ಈ ಹೋಲಿಕೆಯಲ್ಲೇ. ಟ್ರೆಕ್ಕಿನಲ್ಲಿ ದೊಡ್ಡ ಚೀಲ ಹೇಸರಗತ್ತೆಯ ಮೇಲೆ ಹೋಗುತ್ತದೆ, ನಡೆಯುವವರ ಬೆನ್ನಿಗೆ ನೀರು, ಜಾಕೆಟ್ಟು, ಒಂದಿಷ್ಟು ಚಿಕ್ಕಿ. ಸಂಜೆ ಟೆಂಟು ಎದ್ದು ನಿಂತಿರುತ್ತದೆ, ಸೂಪು ಬಿಸಿಯಾಗಿರುತ್ತದೆ. ಕೋರ್ಸಿನಲ್ಲಿ ನಿಮ್ಮ ಸ್ಲೀಪಿಂಗ್ ಬ್ಯಾಗು, ಹಿಮದ ಬೂಟು, ಅದರ ತಳಕ್ಕೆ ಕಟ್ಟುವ ಮುಳ್ಳಿನ ಕ್ರಾಂಪಾನು, ಹಿಮಗೊಡಲಿ, ಬಟ್ಟೆ ಎಲ್ಲ ನಿಮ್ಮ ಬೆನ್ನಿನ ಮೇಲೆ. ಅದರ ಮೇಲೆ ರೋಪಿನ ಪಾಲಿನ ಸಾಮಾನು ಬೇರೆ. 'ರೋಪ್' ಅಂದರೆ ಇಲ್ಲಿ ಹಗ್ಗ ಮಾತ್ರವಲ್ಲ, ಒಬ್ಬ ತರಬೇತುದಾರನ ಕೈಕೆಳಗಿನ ಆರೆಂಟು ಮಂದಿಯ ತಂಡಕ್ಕೂ ಅದೇ ಹೆಸರು. ಎಲ್ಲ ಸೇರಿ ಚೀಲ ಹದಿನೈದು ಕಿಲೋ ದಾಟುವುದು ಮಾಮೂಲು. ಕೆಲವು ದಿನ ಶಿಬಿರಕ್ಕೆ ಬರೀ ಸಾಮಾನು ಮುಟ್ಟಿಸಿ ವಾಪಸು ಬರುವ 'ಲೋಡ್ ಫೆರಿ'. ಹೊತ್ತು, ಏರಿ, ಇಳಿಸಿ, ಇಳಿದು ಬಂದರೆ ಅವತ್ತಿನ ಪಾಠ ಮುಗಿಯಿತು.

ಮೊದಲ ವಾರ ಬಂಡೆಯ ಪಾಠ. ಉತ್ತರಕಾಶಿಯಲ್ಲಾದರೆ ಟೇಖ್ಲಾ ಎಂಬಲ್ಲಿಗೆ ಚೀಲ ಹೊತ್ತು ನಡೆದೇ ಹೋಗಬೇಕು. ಹತ್ತುವುದು, ರಾಪೆಲ್ ಮಾಡಿ ಅಂದರೆ ಹಗ್ಗದ ಆಸರೆಯಲ್ಲಿ ಇಳಿಯುವುದು, ಜುಮಾರ್ ಎಂಬ ಹಿಡಿಕೆ ಹಾಕಿ ಹಗ್ಗದ ಮೇಲೆ ಏರುವುದು ಇಲ್ಲಿಯ ಪಾಠ. (ಜುಮಾರ್ ಎಂಬುದು ಯೂಸಿ, ಮಾರ್ತಿ ಎಂಬಿಬ್ಬರು ಸ್ವಿಸ್ ಗೆಳೆಯರ ಹೆಸರಿನ ಮೊದಲ ತುಣುಕುಗಳನ್ನು ಜೋಡಿಸಿ ಮಾಡಿದ ಪದ. ಪ್ರೂಸಿಕ್ ಗಂಟಿನ ಹೆಸರಿನ ಹಿಂದೆ ಕಾರ್ಲ್ ಪ್ರೂಸಿಕ್ ಎಂಬ ಆಸ್ಟ್ರಿಯಾದ ಆರೋಹಿ ಇದ್ದಾನೆ. ಈ ವಿದ್ಯೆಯ ಅರ್ಧ ಶಬ್ದಕೋಶ ಆಲ್ಪ್ಸ್‌ನಿಂದ ಬಂದದ್ದು.) ರಾಮನಗರದ ಬಂಡೆಯಲ್ಲೋ ಬಾದಾಮಿಯ ಕೆಂಪು ಮರಳುಗಲ್ಲಿನಲ್ಲೋ ಕೈ ಪಳಗಿಸಿಕೊಂಡ ಕನ್ನಡಿಗರಿಗೆ ಈ ವಾರ ಸಲೀಸು. ಸಾವನದುರ್ಗದ ನುಣುಪು ಕಲ್ಲಿನ ಮೇಲೆ ಬರೀ ಪಾದದ ಹಿಡಿತ ನಂಬಿ ನಿಂತವರಿಗೆ ಭಯದ ಪರಿಚಯವೂ ಮೊದಲೇ ಆಗಿರುತ್ತದೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿಯ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಶಿಲಾರೋಹಣದ ಶಿಬಿರಗಳನ್ನು ನಡೆಸುತ್ತದೆ. ಹಿಮಾಲಯಕ್ಕೆ ಮುನ್ನ ಅಂಥದ್ದೊಂದಕ್ಕೆ ಹೋಗಿಬರುವುದು ಜಾಣತನ.

ಎರಡನೆಯ ವಾರದಿಂದ ಕಥೆ ಬೇರೆ. ಉತ್ತರಕಾಶಿಯ ತಂಡ ಭುಕ್ಕಿ ಎಂಬ ಹಳ್ಳಿಯವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಕಾಡಿನ ಕಡಿದಾದ ದಾರಿಯಲ್ಲಿ ಮೇಲಿನ ಶಿಬಿರಗಳತ್ತ ಏರುತ್ತದೆ. ಡಾರ್ಜಿಲಿಂಗ್‌ನವರು ಸಿಕ್ಕಿಂನ ಯುಕ್ಸಂನಿಂದ ಹೊರಟು ಜೋಂಗ್ರಿ ದಾಟಿ, ಸುಮಾರು 4,400 ಮೀಟರ್ ಎತ್ತರದ ಚೌರಿಖಾಂಗ್ ಸೇರುತ್ತಾರೆ. ಹಿಮನದಿಯ ಮೇಲೆ ಕ್ರಾಂಪಾನ್ ಕಟ್ಟಿ ನಡೆಯುವುದು, ಜಾರಿದರೆ ಕೊಡಲಿಯ ಮೊನೆ ಹಿಮಕ್ಕೆ ಒತ್ತಿ ತನ್ನನ್ನು ತಾನೇ ತಡೆದುಕೊಳ್ಳುವುದು, ಬಿರುಕಿಗೆ ಬಿದ್ದವರನ್ನು ಮೇಲೆತ್ತುವುದು ಎಲ್ಲ ಅಲ್ಲಿ. ಜಾರುವುದನ್ನು ಬೇಕೆಂದೇ ಅಭ್ಯಾಸ ಮಾಡಿಸುತ್ತಾರೆ: ಬೆನ್ನ ಮೇಲೆ, ಹೊಟ್ಟೆಯ ಮೇಲೆ, ತಲೆ ಕೆಳಗಾಗಿ. ಕೈ ಯೋಚಿಸದೆ ಕೆಲಸ ಮಾಡುವವರೆಗೆ.

ಹಾಗಾದರೆ ತಯಾರಿ ಹೇಗೆ? ಜಿಮ್ಮಿನಲ್ಲಿ ಎದೆ ತೋಳು ಉಬ್ಬಿಸಿಕೊಂಡು ಹೋದವರು ಮೊದಲ ದೊಡ್ಡ ಏರಿನಲ್ಲೇ ಮೆತ್ತಗಾಗುತ್ತಾರೆ. ಇಲ್ಲಿ ಬೇಕಿರುವುದು ಗಂಟೆಗಟ್ಟಲೆ ಒಂದೇ ಲಯದಲ್ಲಿ ನಡೆಯುವ ದಮ್ಮು. ಕನಿಷ್ಠ ಮೂರು ತಿಂಗಳು ಕೈಯಲ್ಲಿರಲಿ. ವಾರಕ್ಕೆ ನಾಲ್ಕು ದಿನ ಓಟ, ಐದು ಕಿಲೋಮೀಟರನ್ನು ನಿಲ್ಲದೆ ಅರ್ಧ ಗಂಟೆಯಲ್ಲಿ ಮುಗಿಸುವ ಮಟ್ಟಕ್ಕೆ ಬರಲಿ. ಎರಡು ದಿನ ಮೆಟ್ಟಿಲು. ಚೀಲ ಐದು ಕಿಲೋದಿಂದ ಶುರುವಾಗಿ ವಾರಕ್ಕೆ ಒಂದೊಂದೇ ಕಿಲೋ ಏರಲಿ. ಮೊದಲ ದಿನವೇ ಹದಿನೈದು ಕಿಲೋ ಹೊತ್ತು ಸೊಂಟ ಹಿಡಿಸಿಕೊಂಡವರಿಗೆ ಆ ವರ್ಷದ ಕೋರ್ಸು ಅಲ್ಲಿಗೇ ಮುಗಿಯುತ್ತದೆ. ಹೊರಡುವ ಮುನ್ನಿನ ಪರೀಕ್ಷೆಗೆ ಕುಮಾರ ಪರ್ವತಕ್ಕಿಂತ ಒಳ್ಳೆಯ ಜಾಗವಿಲ್ಲ. ಅದರ ಎತ್ತರ 1,712 ಮೀಟರ್, ಕುಕ್ಕೆ ಕಡೆಯಿಂದ ಹತ್ತಿದರೆ ಏರುವುದೇ ಒಂದೂವರೆ ಸಾವಿರ ಮೀಟರಿನಷ್ಟು. ಅರಣ್ಯ ಇಲಾಖೆಯ ಅನುಮತಿ ಪಡೆದು, ತುಂಬಿದ ಚೀಲದೊಂದಿಗೆ ಹತ್ತಿ ಇಳಿದು, ಮರುದಿನ ಬೆಳಿಗ್ಗೆ ಕುಂಟದೆ ಕಾಫಿಗೆ ಎದ್ದು ಬಂದರೆ ಕಾಲು ತಯಾರಾಗಿದೆ ಎಂದರ್ಥ.

ಚೀಲ ತುಂಬುವುದೂ ಒಂದು ವಿದ್ಯೆ. ಹಗುರವಾದ ಸ್ಲೀಪಿಂಗ್ ಬ್ಯಾಗು ತಳಕ್ಕೆ, ಭಾರದ ಸಾಮಾನು ನಡುವೆ ಬೆನ್ನಿಗೆ ಒತ್ತಿಕೊಂಡಂತೆ, ಮಳೆಯಂಗಿ ಮೇಲೆ ಕೈಗೆ ಸಿಗುವಂತೆ. ಭಾರದ ವಸ್ತು ಬೆನ್ನಿನಿಂದ ದೂರ ಕೂತರೆ ಚೀಲ ಹಿಂದಕ್ಕೆ ಜಗ್ಗುತ್ತದೆ, ಹೊತ್ತವರು ಮುಂದಕ್ಕೆ ಬಾಗಿ ಬಾಗಿ ಕತ್ತು ನೋಯಿಸಿಕೊಳ್ಳುತ್ತಾರೆ. ಸೊಂಟದ ಪಟ್ಟಿ ಹೊಕ್ಕುಳ ಮಟ್ಟದಲ್ಲಲ್ಲ, ಸೊಂಟದ ಎಲುಬಿನ ಮೇಲೆ ಕೂರಬೇಕು. ಹಾಗೆ ಬಿಗಿದಾಗ ಭಾರದ ದೊಡ್ಡ ಪಾಲು ಹೆಗಲಿನಿಂದ ಇಳಿದು ಕಾಲಿಗೆ ಹೋಗುತ್ತದೆ. ಈ ಒಂದು ಪಟ್ಟಿಯನ್ನು ಸರಿಯಾಗಿ ಬಿಗಿಯಲು ಕಲಿತರೆ ಅರ್ಧ ಹೊರೆ ಇಳಿದ ಹಾಗೆ.

ಗಂಟುಗಳಿಗೆ ಮನೆಯಲ್ಲೇ ಶಾಲೆ. ಮೂರು ಮೀಟರ್ ಹಗ್ಗ ತಂದು ಕಿಟಕಿಯ ಸರಳಿಗೆ ಕಟ್ಟಿ ಬಿಚ್ಚುತ್ತಿರಬೇಕು. ಎಂಟರ ಆಕಾರದ ಗಂಟು, ಬೋಲೈನ್, ಕ್ಲೋವ್ ಹಿಚ್, ಪ್ರೂಸಿಕ್, ಇವಿಷ್ಟು ಸದ್ಯಕ್ಕೆ ಸಾಕು. ಗೂಟಕ್ಕೆ ಹಗ್ಗ ಬಿಗಿದು ಬೆಳೆದವರಿಗೆ ಕ್ಲೋವ್ ಹಿಚ್ ಹೊಸದೇನಲ್ಲ, ಹೆಸರಷ್ಟೇ ಹೊಸದು. ಕಣ್ಣು ಮುಚ್ಚಿ, ಉಣ್ಣೆಯ ಕೈಗವಸು ತೊಟ್ಟು ಕಟ್ಟಲು ಬಂದ ಮೇಲೆ ಕಲಿತೆ ಅನ್ನಬಹುದು. ಇನ್ನೊಂದು ಪುಟ್ಟ ಮಾತು, ಯಾವ ಕರಪತ್ರದಲ್ಲೂ ಬರೆಯದೇ ಇರುವಂಥದ್ದು: ಅಲ್ಲಿ ಹಿಂದಿಯೇ ಹೆಚ್ಚು ಓಡುವ ಭಾಷೆ. ಬಂಡೆಯ ನಡುವೆ ಜೋತಾಡುವಾಗ ಕೆಳಗಿನಿಂದ ಉಸ್ತಾದರು, ಅಂದರೆ ತರಬೇತುದಾರರು, ಕೂಗಿದ್ದು 'ಹಗ್ಗ ಬಿಡು' ಎಂದೋ 'ಹಗ್ಗ ಹಿಡಿ' ಎಂದೋ ಗೊತ್ತಾಗದಿದ್ದರೆ ಕಷ್ಟ.

ಎತ್ತರಕ್ಕೆ ಮಾತ್ರ ಬಯಲುಸೀಮೆಯಲ್ಲಿ ಯಾವ ತಯಾರಿಯೂ ಇಲ್ಲ. ಬೆಂಗಳೂರು ಇರುವುದು 900 ಮೀಟರಿನ ಆಸುಪಾಸಿನಲ್ಲಿ. 5,500 ಮೀಟರ್ ತಲುಪುವಷ್ಟರಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕೆ ಇಳಿದಿರುತ್ತದೆ. ಮ್ಯಾರಥಾನ್ ಓಡುವವರಿಗೂ ತಲೆ ಸಿಡಿಯಬಹುದು, ವಾಂತಿ ಬರಬಹುದು. ಕಸುವಿದ್ದವರು ವೇಗವಾಗಿ ಏರಿ ಬೇಗ ಮಲಗುವುದೂ ಉಂಟು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು ಎಂಬುದು ವೈದ್ಯರ ಸಲಹೆ. ಉಸ್ತಾದರು ಸಾಲಿನ ಮುಂದೆ ಆಮೆಯ ಹಾಗೆ ನಡೆಯುವುದು ಸೋಮಾರಿತನದಿಂದಲ್ಲ. ಎಲ್ಲಕ್ಕಿಂತ ಕೆಟ್ಟ ಅಭ್ಯಾಸ ತಲೆನೋವನ್ನು ಮುಚ್ಚಿಡುವುದು. ಕೊನೆಗೆ ಸಿಗುವ ಶ್ರೇಣಿಯ ಮೇಲೆ ಎಲ್ಲರ ಕಣ್ಣು, 'ಎ' ಬಂದರೆ ಮಾತ್ರ ಅಡ್ವಾನ್ಸ್ ಕೋರ್ಸಿನ ಬಾಗಿಲು ತೆರೆಯುತ್ತದೆ ಎಂಬ ಆಸೆ. ಆದರೆ ಕೂತಲ್ಲೇ ಏದುಸಿರು, ಒಣಕೆಮ್ಮು, ತೂರಾಡುವ ನಡಿಗೆ ಕಂಡರೆ ಕೂಡಲೇ ಕೆಳಗಿಳಿಯಬೇಕು. ಅಲ್ಲಿ ಶ್ರೇಣಿಯ ಲೆಕ್ಕ ಹಾಕುತ್ತ ಕೂರುವವರನ್ನು ಬೆಟ್ಟ ಕಾಯುವುದಿಲ್ಲ.

ಎಲ್ಲ ಸರಿಯಿದ್ದೂ ಅನಾಹುತ ಆಗಬಹುದು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಶಿಖರದ ಬಳಿ ಉತ್ತರಕಾಶಿಯ ಅಡ್ವಾನ್ಸ್ ಕೋರ್ಸಿನ ತಂಡದ ಮೇಲೆ ಹಿಮ ಕುಸಿಯಿತು. 25ಕ್ಕೂ ಹೆಚ್ಚು ಮಂದಿ ಸತ್ತರು, ಅವರಲ್ಲಿ ಕರ್ನಾಟಕದವರೂ ಇದ್ದರು. ಅದೇ ವರ್ಷದ ಮೇ ತಿಂಗಳಲ್ಲಿ 16 ದಿನಗಳ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಎರಡನ್ನೂ ಏರಿದ್ದ ತರಬೇತುದಾರೆ ಸವಿತಾ ಕಂಸ್ವಾಲ್ ಅಂದು ತೀರಿಕೊಂಡರು. ಮಗನನ್ನೋ ಮಗಳನ್ನೋ ಕಳಿಸುವ ಮನೆಯವರಿಗೆ ಇದನ್ನು ಮುಚ್ಚಿಡದೆ ಹೇಳುವುದೂ ತಯಾರಿಯ ಭಾಗವೇ.

ಅರ್ಜಿ ತುಂಬುವುದು ಸುಲಭ, ಸೀಟು ಸಿಗುವುದು ಕಷ್ಟ. ಸರ್ಕಾರದ ನೆರವಿರುವ ಈ ಸಂಸ್ಥೆಗಳ ಶುಲ್ಕ ಖಾಸಗಿ ಟ್ರೆಕ್ಕಿನ ಮುಂದೆ ಕಡಿಮೆಯೇ. ಹಾಗಾಗಿ ತಿಂಗಳುಗಟ್ಟಲೆ ಮುಂಚೆಯೇ ಜಾಗ ಭರ್ತಿಯಾಗುತ್ತದೆ. ವಯಸ್ಸಿನ ಮಿತಿ ಒಂದೊಂದು ಕಡೆ ಒಂದೊಂದು ತರ, ವೈದ್ಯರ ಪ್ರಮಾಣಪತ್ರ ಎಲ್ಲ ಕಡೆಯೂ ಬೇಕು. ಕಾಯುವ ಆ ತಿಂಗಳುಗಳೇ ಬೆನ್ನಿಗೂ ಪಾದಕ್ಕೂ ಸಿಗುವ ಸಮಯ. ಹಿಮದ ಬೂಟು ಸಂಸ್ಥೆಯವರು ಕೊಡುತ್ತಾರೆ, ಹಿಮದವರೆಗೆ ನಡೆಸುವ ಬೂಟು ನಿಮ್ಮದೇ. ಅದನ್ನು ಹೊರಡುವ ಹಿಂದಿನ ವಾರ ಕೊಂಡವರು ಮೊದಲ ದಿನವೇ ಹಿಮ್ಮಡಿಯಲ್ಲಿ ಬೊಕ್ಕೆ ಎಬ್ಬಿಸಿಕೊಂಡು, ಉಳಿದ ದಿನಗಳನ್ನು ಪ್ಲಾಸ್ಟರ್ ಅಂಟಿಸುತ್ತ ಕಳೆಯುತ್ತಾರೆ. ಮುಂದಿನ ಬೇಸಿಗೆಯ ಕೋರ್ಸಿಗೆ ಮನಸ್ಸಿದ್ದರೆ ಅರ್ಜಿಯ ಜೊತೆಗೇ ಬೂಟನ್ನೂ ಕೊಳ್ಳಿ, ನಾಳೆ ತರಕಾರಿ ತರಲು ಹೋಗುವಾಗಲೇ ಅದನ್ನು ಕಾಲಿಗೆ ಹಾಕಿಕೊಳ್ಳಿ.