ಎಂಜಿನ್ ನಿಯಂತ್ರಣ ಘಟಕಕ್ಕೆ ಮನೆಯಲ್ಲೇ ಪರೀಕ್ಷಾ ಮೇಜು: ತಾಂತ್ರಿಕತೆ ಮತ್ತು ಲೆಕ್ಕಾಚಾರ

ದುರಸ್ತಿಗೆ ಬಂದ ಕಾರು ಚಾಲೂ ಆಗದೆ, ಇತರ ಭಾಗಗಳೆಲ್ಲ ಸರಿಯಾಗಿಯೇ ಕಂಡಾಗ ಸಂಶಯವು ಎಂಜಿನ್ ನಿಯಂತ್ರಣ ಘಟಕದ, ಅಂದರೆ ಇ.ಸಿ.ಯು.ವಿನ ಮೇಲೆ ಬೀಳುತ್ತದೆ. ಹೊಸ ಘಟಕವು ದುಬಾರಿ. ಅದನ್ನು ಕೊಂಡು ಜೋಡಿಸಿದ ಮೇಲೂ ಕಾರು ಚಾಲೂ ಆಗದೆ, ದೋಷವಿದ್ದದ್ದು ತುಕ್ಕು ಹಿಡಿದ ಅರ್ಥಿಂಗ್ ತಂತಿಯಲ್ಲಿ ಎಂದು ತಿಳಿದುಬಂದರೆ ಆ ವೆಚ್ಚವನ್ನು ಗ್ರಾಹಕನು ಭರಿಸಬೇಕೋ, ಗ್ಯಾರೇಜು ಮಾಲೀಕನೋ ಎಂಬ ವಿವಾದ ಏಳುತ್ತದೆ. ಬಿಡಿಭಾಗ ಮಾರಿದ ವ್ಯಾಪಾರಿಯೂ ಈ ವಿವಾದದಿಂದ ಹೊರತಲ್ಲ. ಘಟಕವನ್ನು ಕಾರಿನಿಂದ ಬೇರ್ಪಡಿಸಿ ಮೇಜಿನ ಮೇಲೆ ಪರೀಕ್ಷಿಸುವ ವ್ಯವಸ್ಥೆಯಿದ್ದಲ್ಲಿ ಇಂತಹ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಇಂಧನ ಮತ್ತು ಕಿಡಿ ಎರಡನ್ನೂ ಒಂದೇ ಘಟಕದಿಂದ ನಿಯಂತ್ರಿಸುವ ಮೋಟ್ರಾನಿಕ್ ವ್ಯವಸ್ಥೆಯನ್ನು ಜರ್ಮನಿಯ ಬಾಷ್ ಸಂಸ್ಥೆಯು 1979ರಲ್ಲಿ ಬಿ.ಎಂ.ಡಬ್ಲ್ಯೂ. 732ಐ ಕಾರಿನಲ್ಲಿ ಬಳಕೆಗೆ ತಂದಿತು. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ ನಂತರ ದ್ವಿಚಕ್ರ ವಾಹನಗಳಲ್ಲಿಯೂ ಇಂತಹ ಘಟಕಗಳು ವ್ಯಾಪಕವಾಗಿವೆ. ಆದುದರಿಂದ ಪರೀಕ್ಷಾ ಸೇವೆಗೆ ಅವಕಾಶ ಹಿರಿದಾಗಿದೆ.

ಮೂಲ ತತ್ತ್ವ

ಇ.ಸಿ.ಯು. ಸ್ವತಃ ಎಂಜಿನ್ನನ್ನು ಕಾಣುವುದಿಲ್ಲ. ಸೆನ್ಸರುಗಳು ಕಳುಹಿಸುವ ಸಂಕೇತಗಳನ್ನಷ್ಟೇ ಕಾಣುತ್ತದೆ. ವೋಚರುಗಳನ್ನು ನೋಡಿ ಲೆಕ್ಕ ಬರೆಯುವ ಗುಮಾಸ್ತನಂತೆ, ಬಂದ ಸಂಕೇತಗಳ ಆಧಾರದ ಮೇಲೆ ಇಂಜೆಕ್ಟರ್ ಮತ್ತು ಇಗ್ನಿಷನ್ ಕಾಯಿಲ್‌ಗಳಿಗೆ ಆಜ್ಞೆ ನೀಡುತ್ತದೆ. ಎಂಜಿನ್ ತಿರುಗುತ್ತಿದೆ ಎಂಬ ಸಂಕೇತವನ್ನು ಕೃತಕವಾಗಿ ಒದಗಿಸಿ, ಆಜ್ಞೆಗಳು ಸರಿಯಾಗಿ ಹೊರಬರುತ್ತಿವೆಯೇ ಎಂದು ನೋಡುವುದೇ ಪರೀಕ್ಷಾ ಮೇಜಿನ ಕೆಲಸ.

ಮೇಜಿನ ಅಂಗಗಳು

ಮೊದಲನೆಯದು ವಿದ್ಯುತ್ ಪೂರೈಕೆ. 12ರಿಂದ 14 ವೋಲ್ಟ್ ನೀಡುವ, ಕರೆಂಟಿನ ಮಿತಿಯನ್ನು ನಿಗದಿಪಡಿಸಬಹುದಾದ ಪವರ್ ಸಪ್ಲೈ ಇರಬೇಕು. ಮೊದಲ ಬಾರಿ ಜೋಡಿಸುವಾಗ ಮಿತಿಯನ್ನು 1 ಆಂಪಿಯರ್‌ಗೆ ಇಟ್ಟರೆ, ಒಳಗೆ ಶಾರ್ಟ್ ಇದ್ದರೂ ಹಾನಿ ಸೀಮಿತವಾಗುತ್ತದೆ. ಬ್ಯಾಟರಿಯಿಂದ ಸದಾ ಬರುವ ತಂತಿ, ಚಾವಿ ತಿರುಗಿಸಿದಾಗ ಬರುವ ತಂತಿ, ನೆಲದ ತಂತಿಗಳು ಇವುಗಳಿಗೆ ಪ್ರತ್ಯೇಕ ಸಂಪರ್ಕ ಬೇಕು. ಹಲವು ಘಟಕಗಳು ಮುಖ್ಯ ರಿಲೇಯನ್ನು ತಾವೇ ನಿಯಂತ್ರಿಸುವುದರಿಂದ ಆ ರಿಲೇಯೂ ಮೇಜಿನ ಮೇಲಿರಬೇಕು. ಆಯಾ ಮಾದರಿಯ ವೈರಿಂಗ್ ನಕ್ಷೆಯಿಲ್ಲದೆ ಒಂದು ಪಿನ್ನನ್ನೂ ಜೋಡಿಸತಕ್ಕದ್ದಲ್ಲ.

ಎರಡನೆಯದು ಕ್ರ್ಯಾಂಕ್ ಸಂಕೇತ. ಅನೇಕ ಕಾರುಗಳಲ್ಲಿ 60 ಹಲ್ಲುಗಳ ಸ್ಥಾನವಿದ್ದು 2 ಹಲ್ಲುಗಳನ್ನು ಬಿಟ್ಟಿರುವ ಚಕ್ರವಿರುತ್ತದೆ. ಆ ಖಾಲಿ ಜಾಗದಿಂದಲೇ ಘಟಕವು ಕ್ರ್ಯಾಂಕಿನ ಸ್ಥಾನವನ್ನು ಅರಿಯುತ್ತದೆ. ಒಂದು ಸುತ್ತಿಗೆ 60 ಸ್ಥಾನ, ಒಂದು ನಿಮಿಷಕ್ಕೆ 60 ಸೆಕೆಂಡು. ಆದುದರಿಂದ ನಿಮಿಷಕ್ಕೆ 1,000 ಸುತ್ತು ತೋರಿಸಲು ಸೆಕೆಂಡಿಗೆ 1,000 ಹಲ್ಲಿನ ಸಂಕೇತ ನೀಡಿದರೆ ಸಾಕು. ಆರ್ಡುಯಿನೋದಂತಹ ಅಗ್ಗದ ಬೋರ್ಡಿನಿಂದ ಇದನ್ನು ಸಾಧಿಸಬಹುದು. ಹಾಲ್ ಸೆನ್ಸರಿನ ಸಂಕೇತ ಚೌಕಾಕಾರದ್ದು. ಅಯಸ್ಕಾಂತ ಸುರುಳಿಯ ಸೆನ್ಸರಿನದು ಸೊನ್ನೆಯ ಮೇಲೆ ಕೆಳಗೆ ಏರಿಳಿಯುವ ಅಲೆ. ಎರಡನೆಯ ಬಗೆಗೆ ಹೆಚ್ಚುವರಿ ಸರ್ಕ್ಯೂಟ್ ಅವಶ್ಯಕ.

ಮೂರನೆಯದು ಇತರ ಸೆನ್ಸರುಗಳು. ಉಷ್ಣತೆಯ ಸೆನ್ಸರಿನ ಒಂದು ಸಾಮಾನ್ಯ ಬಗೆಯಲ್ಲಿ ಪ್ರತಿರೋಧವು 20 ಡಿಗ್ರಿಯಲ್ಲಿ ಸುಮಾರು 2,500 ಓಂ, 80 ಡಿಗ್ರಿಯಲ್ಲಿ ಸುಮಾರು 320 ಓಂ ಇರುತ್ತದೆ. ಬದಲಾಯಿಸಬಹುದಾದ ಒಂದು ರೆಸಿಸ್ಟರ್ ಇಟ್ಟರೆ ತಣ್ಣನೆಯ ಎಂಜಿನ್ನನ್ನೂ ಬಿಸಿ ಎಂಜಿನ್ನನ್ನೂ ಅನುಕರಿಸಬಹುದು.

ನಾಲ್ಕನೆಯದು ಫಲಿತಾಂಶದ ದೀಪಗಳು. ಇಂಜೆಕ್ಟರಿನ ಸ್ಥಾನದಲ್ಲಿ 1,000 ಓಂ ರೆಸಿಸ್ಟರಿನೊಡನೆ ಎಲ್.ಇ.ಡಿ. ಜೋಡಿಸಿದರೆ ಪ್ರತಿಯೊಂದು ಆಜ್ಞೆಯೂ ಮಿನುಗಾಗಿ ಕಾಣುತ್ತದೆ. ಆದರೆ ನಿಜವಾದ ಇಂಜೆಕ್ಟರುಗಳಲ್ಲಿ ಹೆಚ್ಚಿನವುಗಳ ಪ್ರತಿರೋಧ 12ರಿಂದ 16 ಓಂ. ದೀಪದ ಭಾರ ಸಾಲದೆ ಕೆಲವು ಘಟಕಗಳು ತಂತಿ ಕಡಿದಿದೆ ಎಂಬ ದೋಷಸಂಕೇತ ದಾಖಲಿಸುತ್ತವೆ. ಆಗ ನಿಜವಾದ ಇಂಜೆಕ್ಟರನ್ನೇ ಜೋಡಿಸಿ ಕರೆಂಟಿನ ಮಿತಿಯನ್ನು ಏರಿಸಬೇಕು. ಇಗ್ನಿಷನ್ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಉತ್ಪನ್ನವಾಗುವುದರಿಂದ, ಅರ್ಥ್ ಮಾಡಿದ ಸ್ಪಾರ್ಕ್ ಪ್ಲಗ್ ಇಲ್ಲದೆ ಅದನ್ನು ಚಾಲನೆಗೊಳಿಸಬಾರದು.

ಐದನೆಯದು ಸ್ಕ್ಯಾನರ್ ಜೋಡಿಸುವ 16 ಪಿನ್ನಿನ ಸಾಕೆಟ್. ಇದರಲ್ಲಿ 16ನೆಯದು ಬ್ಯಾಟರಿ, 4 ಮತ್ತು 5 ನೆಲ, 6 ಮತ್ತು 14 ಕ್ಯಾನ್ ಸಂಪರ್ಕ, 7 ಹಳೆಯ ಮಾದರಿಗಳ ಕೆ ಲೈನ್. ಕ್ಯಾನ್ ತಂತಿಯ ಎರಡು ತುದಿಗಳಲ್ಲಿಯೂ 120 ಓಂ ಇರಬೇಕು. ವಿದ್ಯುತ್ ನಿಲ್ಲಿಸಿ ಅಳೆದಾಗ 60 ಓಂ ಬಂದರೆ ಜೋಡಣೆ ಸರಿಯಿದೆ ಎಂದರ್ಥ.

ಈ ಸಾಮಗ್ರಿಗಳ ಪೈಕಿ ಎಲೆಕ್ಟ್ರಾನಿಕ್ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೂ, ವಾಹನದ ಭಾಗಗಳು ಜೆ.ಸಿ. ರಸ್ತೆಯಲ್ಲಿಯೂ ದೊರೆಯುತ್ತವೆ.

ಫಲಿತಾಂಶದ ಮಿತಿ

ಇಂಜೆಕ್ಟರ್ ದೀಪ ಮಿನುಗದಿದ್ದ ಮಾತ್ರಕ್ಕೆ ಘಟಕ ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಇಮೊಬಿಲೈಸರ್ ಇರುವ ಕಾರಿನ ಘಟಕವು ಸರಿಯಾದ ಚಾವಿಯ ಗುರುತು ದೊರೆಯದಿದ್ದರೆ ಇಂಧನವನ್ನು ತಡೆಯುತ್ತದೆ. ಅದು ದೋಷವಲ್ಲ, ಕಾವಲು. ಅಂತೆಯೇ, ಬಿಸಿಯಾದಾಗ ಮಾತ್ರ ಕಾಣಿಸುವ ದೋಷವು ಹತ್ತು ನಿಮಿಷದ ಪರೀಕ್ಷೆಯಲ್ಲಿ ಸಿಗದಿರಬಹುದು. ಆದಕಾರಣ ವರದಿಯಲ್ಲಿ "ಘಟಕ ಸರಿಯಿದೆ" ಎಂದು ಬರೆಯುವುದಕ್ಕಿಂತ, ಯಾವ ಯಾವ ಪರೀಕ್ಷೆ ನಡೆಸಲಾಯಿತು, ಏನು ಕಂಡಿತು ಎಂದು ನಮೂದಿಸುವುದು ಕ್ಷೇಮ.

ವೆಚ್ಚ ಮತ್ತು ಆದಾಯ

ಕೇವಲ ಉದಾಹರಣೆಗಾಗಿ, ಪವರ್ ಸಪ್ಲೈಗೆ 6,000, ಆಸಿಲೋಸ್ಕೋಪ್‌ಗೆ 15,000, ಬೋರ್ಡು ಮತ್ತು ಬಿಡಿಭಾಗಗಳಿಗೆ 4,000, ಕನೆಕ್ಟರ್ ಮತ್ತು ತಂತಿಗಳಿಗೆ 5,000, ಒಟ್ಟು 30,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಪರೀಕ್ಷೆಗೆ 750 ರೂ. ಶುಲ್ಕ, ನೇರ ವೆಚ್ಚ 250 ರೂ. ಆದರೆ ಉಳಿಯುವುದು 500 ರೂ. ಅಂದರೆ 60 ಪರೀಕ್ಷೆಗಳಲ್ಲಿ ಬಂಡವಾಳ ಹಿಂದಿರುಗುತ್ತದೆ. ತಿಂಗಳಿಗೆ 5 ಘಟಕಗಳು ಬಂದರೆ ಅದಕ್ಕೆ ಒಂದು ವರ್ಷ ಸಾಕು. ತಿಂಗಳಿಗೆ ಒಂದೇ ಬರುವಂತಿದ್ದರೆ ಐದು ವರ್ಷ ಬೇಕಾಗುವುದರಿಂದ, ನೆರೆಯ ಎರಡು ಮೂರು ಗ್ಯಾರೇಜುಗಳು ಕೂಡಿ ಒಂದೇ ಮೇಜನ್ನು ಹೊಂದುವುದು ಜಾಣತನ.

ಸ್ವತಃ ನಿರ್ಮಿಸಿದ ಮೇಜು ಸ್ಥಿರಾಸ್ತಿಯಾದುದರಿಂದ ಅದರ ವೆಚ್ಚವನ್ನು ಸಂಬಳ, ಬಾಡಿಗೆಗಳಂತೆ ಒಂದೇ ವರ್ಷದ ಖರ್ಚಿಗೆ ಹಾಕತಕ್ಕದ್ದಲ್ಲ. ನಿರ್ಮಾಣದಲ್ಲಿ ತೊಡಗಿದ ನೌಕರನ ಕೂಲಿಯನ್ನು ಸೇರಿಸಬಹುದು. ಆದರೆ ಮಾಲೀಕನ ಕಾಲ್ಪನಿಕ ಲಾಭವನ್ನೂ, ತಪ್ಪು ಜೋಡಣೆಯಿಂದ ಸುಟ್ಟುಹೋದ ಭಾಗಗಳಂತಹ ಅಸಹಜ ನಷ್ಟವನ್ನೂ ಲೆಕ್ಕಪತ್ರ ಮಾನದಂಡ 10ರ ಪ್ರಕಾರ ಸೇರಿಸುವಂತಿಲ್ಲ. ಆದಾಯ ತೆರಿಗೆಯಲ್ಲಿ ಸಾಮಾನ್ಯ ಯಂತ್ರೋಪಕರಣಗಳ ಸವಕಳಿ ಶೇ. 15, ಖರೀದಿಸಿದ ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಜಿ.ಎಸ್.ಟಿ.ಯ ಹೂಡುವಳಿ ತೆರಿಗೆ ಜಮೆ ಪಡೆದ ಮೊತ್ತವನ್ನು ಆಸ್ತಿಯ ಬೆಲೆಗೆ ಸೇರಿಸಿ ಅದರ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ. ಎರಡರಲ್ಲಿ ಒಂದನ್ನೇ ಆಯ್ದುಕೊಳ್ಳಬೇಕು.

ಗ್ರಾಹಕನ ಸ್ವತ್ತು

ಪರೀಕ್ಷೆಗೆ ಬಂದ ಘಟಕವು 1872ರ ಭಾರತೀಯ ಕರಾರು ಅಧಿನಿಯಮದ ಪ್ರಕಾರ ನಿಕ್ಷೇಪವೆನಿಸುತ್ತದೆ. ವಿವೇಕಿಯು ತನ್ನ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಎಚ್ಚರಿಕೆಯಿಂದ ಅದನ್ನು ಕಾಪಾಡಬೇಕೆಂದು 151ನೆಯ ಕಲಂ ವಿಧಿಸುತ್ತದೆ. ಅದೇ ಅಧಿನಿಯಮದ 170ನೆಯ ಕಲಂ, ದುರಸ್ತಿಯಲ್ಲಿ ಶ್ರಮ ಕೌಶಲಗಳನ್ನು ವ್ಯಯಿಸಿದವನಿಗೆ, ವಿರುದ್ಧವಾದ ಕರಾರು ಇಲ್ಲದಿದ್ದಲ್ಲಿ, ತನ್ನ ಪ್ರತಿಫಲ ಬರುವವರೆಗೆ ವಸ್ತುವನ್ನು ಉಳಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ಆದುದರಿಂದ ಘಟಕದ ಭಾಗಸಂಖ್ಯೆ, ಬಂದಾಗಿನ ಸ್ಥಿತಿ, ಒಪ್ಪಿದ ಶುಲ್ಕ ಇವುಗಳನ್ನು ಬರೆದ ರಸೀದಿಗೆ ಗ್ರಾಹಕನ ಸಹಿ ಪಡೆಯಬೇಕು. ವಾಹನದ ನೋಂದಣಿ ಪತ್ರದ ಪ್ರತಿಯನ್ನು ಕೇಳಿ ಪಡೆಯುವುದರಿಂದ ಕಳವಿನ ಮಾಲು ಮೇಜಿಗೆ ಬರುವ ಅಪಾಯವೂ ತಗ್ಗುತ್ತದೆ.

ಪರೀಕ್ಷಿಸಿದ ನಂತರವೇ ಬದಲಿಸು ಎಂಬ ನಿಯಮವನ್ನು ಪಾಲಿಸುವ ಗ್ಯಾರೇಜು, ಹೊಸ ಘಟಕದ ಮಾರಾಟದಿಂದ ಬರಬಹುದಾದ ಲಾಭವನ್ನು ಕೆಲವೊಮ್ಮೆ ಕಳೆದುಕೊಳ್ಳುವುದು ನಿಜ. ಆದರೆ ಅನಾವಶ್ಯಕವಾಗಿ ಹಣ ತೆತ್ತ ಗ್ರಾಹಕನು ಮರಳಿ ಬರುವುದಿಲ್ಲ. ಉಳಿತಾಯ ಕಂಡವನು ತನ್ನ ನೆರೆಯವನನ್ನೂ ಕರೆತರುತ್ತಾನೆ.